ಇದಲ್ಲ, ಇದಲ್ಲ ಎನ್ನುತ್ತಾ ಬಯಲಿಗೆ



ಬೆಟ್ಟ ಹತ್ತಿ ಬಂದವರಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿ ಒಂದು ಮಾತಿರುತ್ತದೆ: "ಇಷ್ಟು ಸಾರಿ ಬಂದು ಬೇಡಿಕೊಂಡೆ, ದೇವರು ಒಂದು ಮಾತೂ ಆಡಲಿಲ್ಲವಲ್ಲ!" ಈ ನೋವು ಸುಳ್ಳಲ್ಲ. ಮಗುವಿನ ಕಾಯಿಲೆ, ಮನೆಯ ಸಾಲ, ಕೆಲಸದ ಚಿಂತೆ ಹೊತ್ತು ಬಂದವರಿಗೆ ಮೌನ ಭಾರವೇ ಸರಿ.

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಬಾಷ್ಕಲಿ ಎಂಬುವನು ಬಾಧ್ವ ಋಷಿಯ ಬಳಿ ಹೋಗಿ ಬ್ರಹ್ಮವೆಂದರೇನು ಎಂದು ಕೇಳಿದ. ಋಷಿ ಸುಮ್ಮನಿದ್ದರು. ಮತ್ತೆ ಮತ್ತೆ ಕೇಳಿದಾಗ, ನಾನು ಹೇಳುತ್ತಲೇ ಇದ್ದೇನೆ, ನಿನಗೆ ತಿಳಿಯುತ್ತಿಲ್ಲ, ಆತ್ಮವೆಂದರೆ ಶಾಂತಿಯೇ ಎಂದರಂತೆ. ಸುಮ್ಮನಿದ್ದದ್ದೇ ಉತ್ತರವಾಗಿತ್ತು!

ಬೃಹದಾರಣ್ಯಕ ಉಪನಿಷತ್ತಿನ ‘ನೇತಿ ನೇತಿ’ ಇದೇ ದಾರಿ. ದೇವರಿಲ್ಲ ಎಂದು ಅದರ ಅರ್ಥವಲ್ಲ. ನಮ್ಮ ಅಳತೆಗೆ ದೇವರು ಸಿಕ್ಕುವುದಿಲ್ಲ ಎಂದರ್ಥ.

12ನೇ ಶತಮಾನದ ಅಲ್ಲಮಪ್ರಭುಗಳು ಇದಕ್ಕೆ ನಮ್ಮ ಕನ್ನಡದಲ್ಲೇ ‘ಬಯಲು’ ಎಂದರು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನ ಕಥೆ ಬರುತ್ತದೆ. ಯೋಗದಿಂದ ವಜ್ರದಂತಾದ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಯಿತು. ಪ್ರಭುಗಳಿಗೆ ಬೀಸಿದರೆ ಗಾಳಿಯಲ್ಲಿ ಬೀಸಿದಂತೆ ಹಾದುಹೋಯಿತು. ಸದ್ದಾಗುವವರೆಗೂ ‘ನಾನು’ ಉಳಿದಿದೆ ಎಂದೇ ತಿಳಿಯಬೇಕು.

ಹಾಗಾದರೆ ಸಂಸಾರಸ್ಥರು ಏನು ಮಾಡಬೇಕು? ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರನ್ನು ಕೇಳಿ ನೋಡಿ. ಮೆಷಿನ್ ನಿಂತರೂ ಅದರ ಸದ್ದು ಕಿವಿಯಲ್ಲಿ ಸ್ವಲ್ಪ ಹೊತ್ತು ಇದ್ದೇ ಇರುತ್ತೆ. ಮನಸ್ಸೂ ಹಾಗೇನೇ. ಬಾಯಿ ಮುಚ್ಚಿದ ಕೂಡಲೇ ಮೌನ ಬರೋದಿಲ್ಲ.

ಆದ್ದರಿಂದ ದರ್ಶನವಾದ ಮೇಲೆ ಓಡಬೇಡಿ. ಮೊಬೈಲ್ ಆಫ್ ಮಾಡಿ, ನೆರಳಿರುವ ಒಂದು ಬಂಡೆಯ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಭಯ ಬಂದರೆ, ಇದು ದೇವರಲ್ಲ ಎನ್ನಿ. ಆಸೆ ಬಂದರೆ, ಇದೂ ಅಲ್ಲ ಎನ್ನಿ. ‘ನಾನು ದೊಡ್ಡ ಭಕ್ತ’ ಎಂಬ ಭಾವ ಬಂದರೆ ಅದನ್ನೂ ಬಿಡಿ. ಕೊನೆಗೆ ‘ಅಲ್ಲ’ ಎನ್ನುವ ಮಾತೂ ತಾನಾಗಿ ನಿಲ್ಲುತ್ತದೆ. ಆಗ ಉಳಿಯುವುದನ್ನು ಹೆಸರಿಡದೆ ಅನುಭವಿಸಿ.

ಇದರಿಂದ ಸಾಲ ತೀರುತ್ತೆ, ಕಾಯಿಲೆ ಹೋಗುತ್ತೆ ಎಂದು ಯಾರೂ ತಿಳಿಯಬಾರದು. ದುಡಿಮೆ ದುಡಿಯಲೇಬೇಕು, ಔಷಧಿ ತೆಗೆದುಕೊಳ್ಳಲೇಬೇಕು. ಆದರೆ ಕಷ್ಟದ ಜೊತೆ ಹೊತ್ತುಕೊಂಡಿದ್ದ ಗಾಬರಿ ಕಡಿಮೆಯಾಗುತ್ತದೆ. ದೇವರನ್ನು ಬೇಡುವುದು ತಪ್ಪಲ್ಲ. ಬೇಡಿಕೊಳ್ಳಿ. ಬೇಡಿದ ಮೇಲೆ ಅವನ ಮೌನಕ್ಕೂ ಸ್ವಲ್ಪ ಹೊತ್ತು ಕಿವಿಗೊಡಿ.