ಎರಡು ಇನಿಂಗ್ಸ್‌ಗಳ ನಡುವೆ

ಟೆಸ್ಟ್ ಕ್ರಿಕೆಟ್ಟಿನಲ್ಲಿ ಆಟ ನಡೆಯುವ ಹೊತ್ತಿಗಿಂತ ನಿಂತಿರುವ ಹೊತ್ತೇ ಹೆಚ್ಚು. ಊಟದ ವಿರಾಮ, ಚಹಾ ವಿರಾಮ, ಸಂಜೆ ಬೇಲ್ಸ್ ತೆಗೆದಲ್ಲಿಂದ ಮರುದಿನ ಬೆಳಗಿನವರೆಗಿನ ರಾತ್ರಿ, ಒಂದು ಟೆಸ್ಟಿಗೂ ಮುಂದಿನದಕ್ಕೂ ನಡುವಿನ ನಾಲ್ಕೈದು ದಿನ. ಆಟ ನಿಂತಿರುತ್ತದೆ, ಫಲಿತಾಂಶ ಬಂದಿರುವುದಿಲ್ಲ. ನಮ್ಮ ವಾದಗಳೆಲ್ಲ ಹುಟ್ಟುವುದು ಈ ಬಿಡುವಿನಲ್ಲೇ. ಯಾರನ್ನು ಕೈಬಿಡಬೇಕು, ಯಾರಿಗೆ ವಯಸ್ಸಾಯಿತು, ಯಾರ ಫಾರ್ಮ್ ಹೋಯಿತು ಎಂದು ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಮಾತು ಬೆಳೆಯುತ್ತದೆ. ಇದು ಹೊತ್ತು ಕಳೆಯುವ ಹರಟೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಆಟ ಇನ್ನೂ ಮುಗಿಯದ ಒಬ್ಬ ಮನುಷ್ಯನ ಬಗ್ಗೆ ನಾವು ಅಲ್ಲಿ ತೀರ್ಪು ಕೊಡುತ್ತಿರುತ್ತೇವೆ. ಹಾಗೆ ತೀರ್ಪು ಕೊಡುವಾಗ ನಮಗೆ ನಿಜವಾಗಿ ಏನು ಗೊತ್ತಿರುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ.

2024ರ ಅಕ್ಟೋಬರ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ನ್ಯೂಜಿಲೆಂಡ್ ಎದುರು 46 ರನ್ನಿಗೆ ಆಲೌಟ್ ಆಯಿತು. ಹಿಂದಿನ ದಿನವೆಲ್ಲ ಮಳೆ, ಒಂದು ಚೆಂಡೂ ಬಿದ್ದಿರಲಿಲ್ಲ. ಮೋಡ ಕವಿದ ಬೆಳಗಿನಲ್ಲಿ ಟಾಸ್ ಗೆದ್ದ ರೋಹಿತ್ ಶರ್ಮಾ ಬ್ಯಾಟಿಂಗ್ ಆರಿಸಿಕೊಂಡರು. 31.2 ಓವರ್‌ಗಳಲ್ಲಿ ಎಲ್ಲ ಮುಗಿದಿತ್ತು. ಮ್ಯಾಟ್ ಹೆನ್ರಿ 15 ರನ್ನಿಗೆ ಐದು, ವಿಲಿಯಂ ಓರೂರ್ಕ್ 22 ರನ್ನಿಗೆ ನಾಲ್ಕು ವಿಕೆಟ್ ಕಿತ್ತರು. ಕೊಹ್ಲಿ, ಸರ್ಫರಾಜ್, ರಾಹುಲ್, ಜಡೇಜ, ಅಶ್ವಿನ್ ಐವರದೂ ಸೊನ್ನೆ. ತವರಿನ ಟೆಸ್ಟುಗಳಲ್ಲಿ ಭಾರತ ಅಷ್ಟು ಕಡಿಮೆ ಮೊತ್ತಕ್ಕೆ ಹಿಂದೆಂದೂ ಕುಸಿದಿರಲಿಲ್ಲ.

ಆ ಸಂಜೆ ಬಸವನಗುಡಿಯ ಒಂದು ದರ್ಶಿನಿಯ ಮುಂದೆ ಕಾಫಿ ಕುಡಿಯುತ್ತ ನಿಂತಿದ್ದೆ. ಪಕ್ಕದಲ್ಲಿ ಬೈ-ಟು ಹಿಡಿದು ನಿಂತಿದ್ದ ಒಬ್ಬ ಹುಡುಗ ಮತ್ತು ಒಬ್ಬ ಹಿರಿಯರ ಮಾತು ಇನ್ನೂ ಕಿವಿಯಲ್ಲಿದೆ.

"ಐದು ಸೊನ್ನೆ ಸಾರ್, ಐದು! ಗಲ್ಲಿ ಹುಡುಗ್ರೂ ಹಿಂಗಾಡಲ್ಲ."

"ಪಿಚ್ ನೋಡಿದ್ಯೇನಪ್ಪ? ನಿನ್ನೆ ಇಡೀ ದಿನ ಕವರ್ ಕೆಳಗಿತ್ತು."

"ಪಿಚ್ ಅವರಿಗೂ ಅದೇ ಅಲ್ವಾ? ಸಂಜೆ ಹೊತ್ತಿಗೆ ಮೂರೇ ವಿಕೆಟ್ಟಿಗೆ ನೂರ ಎಂಬತ್ತು ಹೊಡ್ದಿಲ್ವಾ? ಮೊದಲು ರಾಹುಲ್‌ನ ತೆಗೀಬೇಕು ಸಾರ್."

"ನಮ್ಮ ಹುಡುಗ ಕಣಯ್ಯ ಅವನು."

"ನಮ್ಮವನು ಅಂತಾನೇ ಹೇಳ್ತಿರೋದು. ಬೇರೆಯವನಾಗಿದ್ರೆ ನನಗ್ಯಾಕೆ ಹೊಟ್ಟೆ ಉರೀಬೇಕು?"

ಹಿರಿಯರು ಉತ್ತರ ಕೊಡಲಿಲ್ಲ. ನನಗಂತೂ ಆ ಹುಡುಗನ ಕೊನೆಯ ಮಾತಿನಲ್ಲಿ ಸುಳ್ಳೇ ಕಾಣಲಿಲ್ಲ. ಸಂಬಂಧವೇ ಇಲ್ಲದವರ ಸೋಲು ನಮ್ಮನ್ನು ಸುಡುವುದಿಲ್ಲ. ಅಭಿಮಾನಿಯ ಸಿಟ್ಟನ್ನು ಹಗುರವಾಗಿ ಕಾಣುವವರು ಅದರ ಕೆಳಗಿರುವ ಈ ನಂಟನ್ನು ನೋಡುವುದೇ ಇಲ್ಲ. ಆದರೆ ನಂಟು ನಿಜ ಎಂದ ಮಾತ್ರಕ್ಕೆ ತೀರ್ಪು ಸರಿಯಾಗಿಬಿಡುವುದಿಲ್ಲ. ಪಕ್ಕದ ಮನೆಯವರಿಗಿಂತ ಸ್ವಂತ ಮಕ್ಕಳ ವಿಷಯದಲ್ಲೇ ನಾವು ಹೆಚ್ಚು ಅವಸರಪಡುತ್ತೇವೆ.

ಆ ಐದು ಸೊನ್ನೆಗಳಲ್ಲಿ ಎರಡನ್ನು ಹತ್ತಿರದಿಂದ ನೋಡೋಣ. ಸರ್ಫರಾಜ್ ಖಾನ್ ಹೆನ್ರಿಯ ಚೆಂಡನ್ನು ಮಿಡ್ ಆಫ್ ತಲೆಯ ಮೇಲಿಂದ ಎತ್ತಲು ಹೋದರು. ಡೆವೊನ್ ಕಾನ್ವೆ ಪಕ್ಕಕ್ಕೆ ಹಾರಿ ಹಿಡಿದರು. ತಂಡ ಆಗಲೇ ಸಂಕಟದಲ್ಲಿದ್ದಾಗ ಆ ಹೊಡೆತ ಬೇಕಿತ್ತೇ ಎಂದು ಕೇಳಬಹುದು, ಕೇಳಲೇಬೇಕು. ಕೆ.ಎಲ್. ರಾಹುಲ್ ಔಟಾಗಿದ್ದು ಕಾಲಿನ ಕಡೆಗೆ ಹೋಗುತ್ತಿದ್ದ ಚೆಂಡಿಗೆ. ಬಿಟ್ಟಿದ್ದರೆ ವಿಕೆಟ್ಟಿಗೆ ತಗಲುವ ಚೆಂಡಲ್ಲ ಅದು. ಬ್ಯಾಟಿಗೆ ತುಸು ಸವರಿ ಕೀಪರ್ ಕೈ ಸೇರಿತು. ಮೊದಲನೆಯದು ಆಯ್ಕೆಯ ತಪ್ಪು, ಎರಡನೆಯದರಲ್ಲಿ ಮುಕ್ಕಾಲು ಪಾಲು ಗ್ರಹಚಾರ. ಸ್ಕೋರ್‌ಕಾರ್ಡಿನಲ್ಲಿ ಮಾತ್ರ ಎರಡೂ ಒಂದೇ ಸೊನ್ನೆ. ಸಂಜೆ ಕಾಫಿಯ ಹೊತ್ತಿಗೆ ನಮ್ಮ ಕೈಯಲ್ಲಿದ್ದದ್ದು ಆ ಸೊನ್ನೆ ಮಾತ್ರ.

ನಾವು ಫಾರ್ಮ್ ಎನ್ನುವುದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಕಾಣುವುದು ರನ್ನು. ರನ್ನಿನ ಹಿಂದೆ ಕಾಲಿನ ಚಲನೆ ಇದೆ, ಕಣ್ಣಿನ ತೀಕ್ಷ್ಣತೆ ಇದೆ, ಹಿಂದಿನ ರಾತ್ರಿಯ ನಿದ್ದೆ ಇದೆ, ಪಿಚ್ಚಿನ ತೇವ ಇದೆ, ಎದುರಾಳಿಯ ಕೌಶಲವೂ ಇದೆ. ಆ ಬೆಳಗ್ಗೆ ನ್ಯೂಜಿಲೆಂಡಿನವರು ಅದ್ಭುತವಾಗಿ ಬೌಲ್ ಮಾಡಿದರು ಎಂಬ ಸರಳ ಮಾತು ನಮ್ಮ ವಾದದಲ್ಲಿ ಎಷ್ಟು ಹೊತ್ತಿಗೆ ಬಂತು? ಬೌಲರ್‌ಗೆ ಕೆಟ್ಟ ಚೆಂಡಿನ ನಂತರ ಇನ್ನೊಂದು ಚೆಂಡು ಇರುತ್ತದೆ, ಬ್ಯಾಟರ್‌ಗೆ ಇರುವುದಿಲ್ಲ. ಆದ್ದರಿಂದ ಸರಾಸರಿ 40 ಇರುವ ಒಳ್ಳೆಯ ಆಟಗಾರನೂ ಹೆಚ್ಚಿನ ಸಲ 40ಕ್ಕಿಂತ ಕಡಿಮೆಗೇ ಔಟಾಗಿರುತ್ತಾನೆ. ಕೆಲವೇ ದೊಡ್ಡ ಇನಿಂಗ್ಸ್‌ಗಳು ಉಳಿದ ಸಣ್ಣವುಗಳನ್ನು ಹೊತ್ತು ನಿಂತಿರುತ್ತವೆ. ಸಣ್ಣವು ನಾಲ್ಕು ಸಾಲಾಗಿ ಬಂದರೆ ಅದು ಕುಸಿತವೋ ಬರೀ ಸಾಲೋ ಎಂದು ಆ ಹೊತ್ತಿನಲ್ಲಿ ಹೇಳುವುದು ಪರಿಣತರಿಗೂ ಕಷ್ಟ. ನಾವು ಮಾತ್ರ ಕಾಫಿ ಆರುವುದರೊಳಗೆ ಹೇಳಿ ಮುಗಿಸುತ್ತೇವೆ.

ಅದೇ ಟೆಸ್ಟಿನ ನಾಲ್ಕನೇ ದಿನ, ಅದೇ ಚಿನ್ನಸ್ವಾಮಿಯಲ್ಲಿ, ಅದೇ ಸರ್ಫರಾಜ್ 150 ಹೊಡೆದರು. ಟೆಸ್ಟಿನಲ್ಲಿ ಅವರ ಮೊದಲ ಶತಕ. ಆ ದಿನದ ಒಂದು ಗಳಿಗೆ ಮರೆಯಲಾರೆ. ಎರಡನೇ ರನ್ನಿಗೆ ರಿಷಭ್ ಪಂತ್ ತಲೆ ತಗ್ಗಿಸಿ ಓಡಿ ಬರುತ್ತಿದ್ದಾರೆ, ಅಪಾಯ ಕಂಡ ಸರ್ಫರಾಜ್ ಪಿಚ್ಚಿನ ಮೇಲೆ ನಿಂತಲ್ಲೇ ಎರಡೂ ಕಾಲೆತ್ತಿ ಕುಣಿದು ಕುಣಿದು ಬೇಡ ಬೇಡ ಎಂದು ಕೂಗುತ್ತಿದ್ದಾರೆ. ಪಂತ್ ಹೇಗೋ ಹಿಂದಿರುಗಿ ಉಳಿದುಕೊಂಡರು. ಇಬ್ಬರೂ ಸೇರಿ 177 ರನ್ ಕೂಡಿಸಿದರು, ಪಂತ್ 99ಕ್ಕೆ ಔಟಾದರು. 46ಕ್ಕೆ ಮುಗಿದಿದ್ದ ತಂಡ 462 ಗಳಿಸಿತು. ಗೆಲ್ಲಲಿಲ್ಲ. ನ್ಯೂಜಿಲೆಂಡ್ ಮೊದಲ ಇನಿಂಗ್ಸಿನಲ್ಲೇ 402 ಕಲೆಹಾಕಿತ್ತು. ಅದರಲ್ಲಿ 134 ರಚಿನ್ ರವೀಂದ್ರ ಅವರದು. ಅವರ ಅಪ್ಪ-ಅಮ್ಮ ಬೆಂಗಳೂರಿನವರೇ. ಕೊನೆಯ ದಿನ 107 ರನ್ನಿನ ಗುರಿಯನ್ನು ಎರಡೇ ವಿಕೆಟ್ ಕಳೆದುಕೊಂಡು ಮುಟ್ಟಿದ ನ್ಯೂಜಿಲೆಂಡ್, 1988ರ ನಂತರ ಭಾರತದ ನೆಲದಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು.

ಸೊನ್ನೆ ಹೊಡೆದ ಸರ್ಫರಾಜ್, 150 ಹೊಡೆದ ಸರ್ಫರಾಜ್, ಇವರಿಬ್ಬರಲ್ಲಿ ನಿಜವಾದವರು ಯಾರು? ಎರಡು ದಿನಗಳಲ್ಲಿ ಮನುಷ್ಯ ಬದಲಾಗಿರಲಿಲ್ಲ. ಬಿಸಿಲು ಬಂದಿತ್ತು, ಪಿಚ್ ಒಣಗಿತ್ತು. ಔಟಾದಾಗಿನ ಧೈರ್ಯವೇ ಆ ದಿನ ರನ್ನಾಗಿ ಬಂತು. ಎರಡನೇ ದಿನ ನಾವು ಅದನ್ನು ಬೇಜವಾಬ್ದಾರಿ ಎಂದೆವು, ನಾಲ್ಕನೇ ದಿನ ಎದೆಗಾರಿಕೆ ಎಂದೆವು. ಗುಣ ಒಂದೇ, ಫಲ ನೋಡಿ ನಾವು ಹೆಸರು ಬದಲಾಯಿಸಿದೆವು. ಕ್ರಿಕೆಟ್ಟಿನ ಆಚೆಯೂ ನಾವು ಮನುಷ್ಯರನ್ನು ಅಳೆಯುವುದು ಬಹುಪಾಲು ಹೀಗೆಯೇ. ಗೆದ್ದವನ ಹಟ ಛಲವಾಗುತ್ತದೆ, ಸೋತವನ ಛಲ ಮೊಂಡುತನವಾಗುತ್ತದೆ. ಟೆಸ್ಟ್ ಪಂದ್ಯ ಇದನ್ನು ಐದೇ ದಿನದಲ್ಲಿ ನಮ್ಮ ಕಣ್ಣ ಮುಂದಿಟ್ಟು ತೋರಿಸುತ್ತದೆ, ಏಕೆಂದರೆ ಅದರಲ್ಲಿ ಎರಡನೇ ಇನಿಂಗ್ಸ್ ಇದೆ.

ಎರಡರ ನಡುವಿನ ಬಿಡುವಿನಲ್ಲಿ ಆಡಿದ ಮಾತಿಗೂ ಬೆಲೆ ಇದೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಭದ್ರಾವತಿಯ ಒಬ್ಬ ಪುಟ್ಟ ಆಳು ಮೊದಲ ಟೆಸ್ಟ್ ಆಡಿದರು, ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾದರು. ಆಗ ನಾಯಕ ಪಟೌಡಿ ತಮ್ಮ ಬಳಿ ಬಂದು ಧೈರ್ಯ ತುಂಬಿದ್ದನ್ನು ಜಿ.ಆರ್. ವಿಶ್ವನಾಥ್ ನೆನಪಿಸಿಕೊಂಡಿದ್ದಾರೆ. ಎರಡನೇ ಇನಿಂಗ್ಸಿನಲ್ಲಿ ಅವರು ಹೊಡೆದದ್ದು 137. ಆಗ ವಿಶ್ವನಾಥ್ ಕಿವಿಗೆ ಬೇರೆ ಮಾತು ಬಿದ್ದಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಸೊನ್ನೆಯ ನಂತರವೂ ಒಬ್ಬರು ಅವರಲ್ಲಿ ಶತಕ ಕಂಡಿದ್ದರು ಎಂಬುದಂತೂ ಸತ್ಯ.

2001ರ ಕೋಲ್ಕತ್ತ ಎಲ್ಲರಿಗೂ ಗೊತ್ತಿರುವ ಕತೆ, ಹಾಗಾಗಿ ಒಂದೇ ಎಳೆ ಹೇಳುತ್ತೇನೆ. ಮುಂಬೈ ಟೆಸ್ಟ್ ಸೋತಾಗಿತ್ತು, ಫಾಲೋ ಆನ್ ಆಗಿತ್ತು, ರಾಹುಲ್ ದ್ರಾವಿಡ್ ಬಗ್ಗೆ ಪತ್ರಿಕೆಗಳಲ್ಲಿ ಕಟುವಾದ ಮಾತು ಬಂದಿತ್ತು. ಎರಡನೇ ಇನಿಂಗ್ಸಿನಲ್ಲಿ ಲಕ್ಷ್ಮಣ್ ಅವರನ್ನು ಮೂರನೇ ಕ್ರಮಾಂಕಕ್ಕೆ ಏರಿಸಿ, ದ್ರಾವಿಡ್ ಅವರನ್ನು ಆರನೆಯದಕ್ಕೆ ಇಳಿಸಿದರು. ಆ ಇಬ್ಬರು ನಾಲ್ಕನೇ ದಿನ ಪೂರ್ತಿ ಆಡಿದರು, 376 ರನ್ ಸೇರಿಸಿದರು. ಲಕ್ಷ್ಮಣ್ 281, ದ್ರಾವಿಡ್ 180. ಶತಕ ಮುಟ್ಟಿದಾಗ ದ್ರಾವಿಡ್ ಪತ್ರಕರ್ತರು ಕೂತ ಕಡೆಗೆ ಬ್ಯಾಟ್ ಚಾಚಿದರು. ಎಂದೂ ಸಿಟ್ಟು ತೋರದ ಮನುಷ್ಯ! ಹೊರಗಿನವರ ಮಾತು ಆಟಗಾರನನ್ನು ಮುಟ್ಟುವುದೇ ಇಲ್ಲ ಎಂದು ನಂಬಿದವರು ಆ ಚಾಚಿದ ಬ್ಯಾಟನ್ನು ಒಮ್ಮೆ ನೋಡಬೇಕು.

ಮಾತು ಕಲ್ಲಾದ ದಿನಗಳೂ ಇವೆ. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡಿನಲ್ಲಿ ಸರಣಿ ಗೆದ್ದು ಬಂದ ಅಜಿತ್ ವಾಡೇಕರ್ ತಂಡವನ್ನು ದೇಶ ತಲೆಯ ಮೇಲೆ ಹೊತ್ತು ಮೆರೆಸಿತು. ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ತೆಗೆದದ್ದು ಆಗಲೇ. ಮೂರೇ ವರ್ಷಕ್ಕೆ, 1974ರಲ್ಲಿ, ಲಾರ್ಡ್ಸ್‌ನಲ್ಲಿ ತಂಡ 42ಕ್ಕೆ ಕುಸಿಯಿತು, ಸರಣಿ 3-0 ಸೋತಿತು. ಅದೇ ನಾಯಕನ ಮನೆಯ ಮೇಲೆ ಕಲ್ಲು ಬಿತ್ತು. ವಾಡೇಕರ್ ಮತ್ತೆ ಟೆಸ್ಟ್ ಆಡಲಿಲ್ಲ. ಹೂಮಾಲೆ ಹಾಕಿದ ಪ್ರೀತಿಯೇ ಕಲ್ಲನ್ನೂ ಎಸೆಯಿತು ಎಂದು ಸಮಾಧಾನ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎದುರಿಗಿರುವವನು ನೋವು ತಿನ್ನುವ ಮನುಷ್ಯ ಎಂಬುದೇ ಮರೆತುಹೋದ ಮೇಲೆ ಅಲ್ಲಿ ಪ್ರೀತಿ ಉಳಿದಿರುವುದಿಲ್ಲ. ಇವತ್ತು ಕಲ್ಲು ಎಸೆಯುವವರು ಕಡಿಮೆ. ಆದರೆ ಸರ್ಫರಾಜ್ ಅವರ ಹೊಡೆತಗಳಿಗಿಂತ ಮೈಯ ಗಾತ್ರದ ಬಗ್ಗೆ ನಡೆದ ಮಾತೇ ಹೆಚ್ಚು ಎಂಬುದನ್ನು ನೆನೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಬೆಂಗಳೂರಿನ ಆ ಟೆಸ್ಟಿಗೆ ಕೆಲವೇ ದಿನ ಮೊದಲು ಇರಾನಿ ಕಪ್‌ನಲ್ಲಿ ಅದೇ ಮೈಯಲ್ಲಿ ಅವರು ಔಟಾಗದೆ 222 ರನ್ ಹೊಡೆದಿದ್ದರು.

ಹಾಗಾದರೆ ಅಭಿಮಾನಿ ಬಾಯಿ ಮುಚ್ಚಿಕೊಂಡಿರಬೇಕೆ? ಖಂಡಿತ ಬೇಡ. ನ್ಯೂಜಿಲೆಂಡ್ ಎದುರಿನ ಆ ಸರಣಿ ಪುಣೆಯಲ್ಲೂ ಮುಂಬೈಯಲ್ಲೂ ಸೋಲಿನಲ್ಲೇ ಮುಗಿಯಿತು. 2012ರ ನಂತರ ತವರಿನಲ್ಲಿ ಸರಣಿ ಸೋಲದ ತಂಡ 3-0 ಮಣ್ಣು ಮುಕ್ಕಿತು. ಪುಣೆಯಲ್ಲಿ ಸ್ಯಾಂಟ್ನರ್ ಒಬ್ಬರೇ 13 ವಿಕೆಟ್ ಕಿತ್ತರು, ವಾಂಖೆಡೆಯಲ್ಲಿ 147ರ ಗುರಿ ಬೆನ್ನಟ್ಟಿ ನಾವು 121ಕ್ಕೆ ನಿಂತೆವು. ಸ್ಪಿನ್ ಆಡುವುದರಲ್ಲಿ ಭಾರತೀಯರೇ ಮುಂದು ಎಂಬ ಹಳೆಯ ಹೆಮ್ಮೆ ಅಲ್ಲಿ ಮುರಿಯಿತು. ಇದನ್ನು ಕಂಡೂ ಪ್ರಶ್ನೆ ಕೇಳದ ಅಭಿಮಾನಿಗೆ ತಂಡದ ಮೇಲೆ ಅಕ್ಕರೆ ಇದೆ ಎಂದು ಹೇಗೆ ನಂಬುವುದು? ತಂಡದಲ್ಲಿ ಹನ್ನೊಂದೇ ಜಾಗ, ಹೊರಗೆ ಕಾಯುವವರೂ ಮನುಷ್ಯರೇ. ಎಷ್ಟು ಕಾಲ ಕಾಯಬೇಕು ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಈ ಜಾಗ ಈಗ ಇನ್ನೊಬ್ಬರಿಗೆ ಹೋಗಲಿ ಎನ್ನುವುದು ಒಂದು ಮಾತು, ಇವನ ಕತೆ ಮುಗಿಯಿತು ಎನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಆಟ ಗೊತ್ತಿದ್ದರೆ ಸಾಕು. ಎರಡನೆಯದಕ್ಕೆ ನಾಳೆಯೂ ಗೊತ್ತಿರಬೇಕು, ಅದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಬೆಂಗಳೂರಿನ ಎರಡು ಸೊನ್ನೆಗಳ ಮುಂದಿನ ದಾರಿ ನೋಡಿ. ಕುತ್ತಿಗೆ ನೋವಿನಿಂದ ಬೆಂಗಳೂರಿನಲ್ಲಿ ಆಡದಿದ್ದ ಶುಭಮನ್ ಗಿಲ್ ಪುಣೆಗೆ ಮರಳಿದಾಗ ರಾಹುಲ್ ಹೊರಗುಳಿದರು. ತಂಡವನ್ನು ಆರಿಸುವುದು ಸಾಮಾಜಿಕ ಜಾಲತಾಣವಲ್ಲ ಎಂದು ಕೋಚ್ ಗಂಭೀರ್ ಅದಕ್ಕೆ ಮುಂಚೆ ರಾಹುಲ್ ಪರ ನಿಂತಿದ್ದರು, ಆದರೂ ಜಾಗ ಹೋಯಿತು. ಆಮೇಲೆ ಪರ್ತ್‌ನಲ್ಲಿ ಆರಂಭಿಕನಾಗಿ ಇಳಿದು ಎರಡನೇ ಇನಿಂಗ್ಸಿನಲ್ಲಿ 77 ಹೊಡೆದರು, ಜೈಸ್ವಾಲ್ ಜೊತೆ 201 ರನ್ನಿನ ಜೊತೆಯಾಟ ಕಟ್ಟಿದರು. 2025ರ ಇಂಗ್ಲೆಂಡ್ ಸರಣಿಯಲ್ಲಿ ಲೀಡ್ಸ್ ಮತ್ತು ಲಾರ್ಡ್ಸ್‌ನಲ್ಲಿ ಶತಕ, ಒಟ್ಟು 532 ರನ್. ದರ್ಶಿನಿಯ ಆ ಹುಡುಗನೂ ಅವತ್ತು ಎಲ್ಲೋ ಚಪ್ಪಾಳೆ ತಟ್ಟಿರುತ್ತಾನೆ ಎಂಬ ನಂಬಿಕೆ ನನಗಿದೆ.

ಸರ್ಫರಾಜ್ ದಾರಿ ಹಾಗಾಗಲಿಲ್ಲ. 150ರ ನಂತರದ ನಾಲ್ಕು ಇನಿಂಗ್ಸ್‌ಗಳಲ್ಲಿ ಬಂದದ್ದು 11, 9, 0, 1. ಆಸ್ಟ್ರೇಲಿಯಕ್ಕೆ ಹೋದ ತಂಡದಲ್ಲಿದ್ದರೂ ಅಲ್ಲಿ ಒಂದು ಟೆಸ್ಟೂ ಆಡಲಿಲ್ಲ, ಇಂಗ್ಲೆಂಡ್ ಸರಣಿಗೆ ಆಯ್ಕೆಯೇ ಆಗಲಿಲ್ಲ. ಆ ನಾಲ್ಕು ಸಣ್ಣ ಮೊತ್ತಗಳು ಆ 150ನ್ನು ಮುಚ್ಚಿಹಾಕುವಷ್ಟು ದೊಡ್ಡವೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಇನ್ನೊಂದು ಸರಣಿ ಸಿಗಬೇಕಿತ್ತು, ಇದು ನನ್ನ ವಾದ. ಒಪ್ಪದವರು ವಾದಕ್ಕೆ ಬನ್ನಿ. ಬರುವ ಮೊದಲು ಆ ನಾಲ್ಕನೇ ದಿನದ ಬೆಳಗಿನ ಆಟವನ್ನು ಮೊದಲ ಚೆಂಡಿನಿಂದ ನೋಡಿ ಬನ್ನಿ.