ಬಾಯಿಬಡುಕರೂ ಜಾಣಗಿವುಡರೂ

ಹೆಚ್ಚು ಮಾತಾಡುವವರಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ: ವಾಚಾಳಿ, ಬಾಯಿಬಡುಕ, ಹರಟೆಮಲ್ಲ. ಆಸ್ಟ್ರೇಲಿಯಾದವರೂ ಕಡಿಮೆಯೇನಲ್ಲ. ಇಲ್ಲಿ ಅಂಥವನು ‘ಇಯರ್‌ಬ್ಯಾಷರ್’, ಕಿವಿ ಬಡಿಯುವವನು. ಹಸಿ ಸಿಮೆಂಟಿನಡಿ ಹೂತರೂ ಮಾತು ನಿಲ್ಲಿಸದವನು. ನಮ್ಮ ಪದದಲ್ಲಿ ಪೆಟ್ಟು ಆಡುವವನ ಬಾಯಿಗೆ, ಇವರ ಪದದಲ್ಲಿ ಕೇಳುವವನ ಕಿವಿಗೆ. ಎರಡರಲ್ಲೂ ತಪ್ಪು ಆಡಿದವನದೇ.

ಲೆಕ್ಕಪತ್ರ ನನ್ನ ಕಸುಬು. ಒಂದು ಖಾತೆಗೆ ಖರ್ಚು ಹಾಕಿದರೆ ಇನ್ನೊಂದಕ್ಕೆ ಜಮಾ ಹಾಕಲೇಬೇಕು. ‘ಮಾತು ಅತಿಯಾಯಿತು’ ಎನ್ನುವುದಕ್ಕೂ ಎರಡು ಖಾತೆಗಳಿವೆ: ಅವರು ಆಡಿದ್ದೆಷ್ಟು, ಕೇಳಲು ನಮಗಿದ್ದ ತಾಳ್ಮೆಯೆಷ್ಟು.

ಸಿಡ್ನಿ, ಮೆಲ್ಬರ್ನ್‌ಗಳ ನಮ್ಮ ಮನೆಗಳಿಗೆ ಊರಿನಿಂದ ಬರುವ ಅಮ್ಮಂದಿರನ್ನು ನೋಡಿ. ಬೇಸಿಗೆಯಲ್ಲಿ ಮಗ, ಸೊಸೆ ಬೆಳಗ್ಗೆ 8 ಗಂಟೆಗೆ ಕೆಲಸಕ್ಕೆ ಹೊರಟಾಗ ಬೆಂಗಳೂರಿನಲ್ಲಿ ರಾತ್ರಿ 2.30. ಫೋನ್ ಮಾಡೋಣವೆಂದರೆ ಎಲ್ಲರೂ ನಿದ್ದೆಯಲ್ಲಿ. ಪಕ್ಕದ ಮನೆಯವರ ಇಂಗ್ಲಿಷ್ ಅರ್ಥವಾಗದು. ಸಂಜೆ ಬಾಗಿಲು ತೆರೆದೊಡನೆ ಇಡೀ ದಿನದ ಮಾತು ಒಟ್ಟಿಗೆ ಹರಿದರೆ ‘ಅಮ್ಮ ತಲೆ ತಿಂತಾಳೆ’ ಎನ್ನುತ್ತೇವೆ. ಊರಿನಲ್ಲಿ ಇಷ್ಟೇ ಮಾತು ಹೂವಿನವಳಿಗೆ, ತರಕಾರಿಯವನಿಗೆ, ಎದುರುಮನೆಯವರಿಗೆ ಹಂಚಿಹೋಗುತ್ತಿತ್ತು. ಆಗ ಅವಳನ್ನು ಯಾರೂ ವಾಚಾಳಿ ಎಂದಿರಲಿಲ್ಲ.

ಕೇಳುವವರಿಗೂ ದಣಿವಿದೆ, ನಿಜ. ‘ಸುಸ್ತಾಗಿದೆ, ಊಟ ಮಾಡ್ತಾ ಹೇಳಮ್ಮ’ ಎಂದರೆ ಯಾವ ತಾಯಿಯೂ ಬೇಸರಪಡುವುದಿಲ್ಲ. ಮೊಬೈಲ್ ನೋಡುತ್ತಾ ‘ಹ್ಞೂಂ’ಗುಟ್ಟಿದರೆ ಮಾತ್ರ ಅವಳಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೂ ಕನ್ನಡದಲ್ಲಿ ಹೆಸರಿದೆ: ಜಾಣಗಿವುಡು. ಅಮ್ಮನ ಖಾತೆಗೆ ‘ವಾಚಾಳಿ’ ಎಂದು ಬರೆಯುವ ಮುನ್ನ ನಮ್ಮ ಖಾತೆಯನ್ನೂ ಒಮ್ಮೆ ತೆರೆದು ನೋಡುವುದು ನ್ಯಾಯ.