ಹಾದಿಯಲ್ಲಿ ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಮೊದಲಿನ ಮೂರನ್ನು ಮಾಡುವ ಬಗೆಯಲ್ಲಿ ನಮಗೆ ಸಂದೇಹವಿಲ್ಲ. ಅನ್ನಸಂತರ್ಪಣೆಗಳು ನಡೆಯುತ್ತವೆ, ಚಿಕಿತ್ಸಾ ಶಿಬಿರಗಳು ಏರ್ಪಡುತ್ತವೆ, ಗ್ರಂಥಗಳು ಅಚ್ಚಾಗುತ್ತವೆ. ನಾಲ್ಕನೆಯ ದಾನವು ಮಾತ್ರ ಬಹುಮಟ್ಟಿಗೆ ಮೂಕಪ್ರಾಣಿಗಳ ರಕ್ಷಣೆಗೆ ಸೀಮಿತವಾಗಿ ಉಳಿದಿದೆ. ಅದು ಶ್ರೇಷ್ಠವಾದ ಕಾರ್ಯವೇ. ಆದರೆ ಪ್ರಾಣಭಯದಲ್ಲಿರುವ ಜೀವಿಗೆ ನಿರ್ಭಯವನ್ನು ನೀಡುವುದೇ ಅಭಯದಾನವಾದರೆ, ಇಂದು ನಮ್ಮ ಊರುಗಳಲ್ಲಿ ಆ ಭಯವು ದಿನವೂ ಎದುರಾಗುವ ಸ್ಥಳ ಯಾವುದೆಂದು ಕೇಳಿಕೊಳ್ಳಬೇಕಾಗಿದೆ. ಆ ಸ್ಥಳ ನಮ್ಮ ಮನೆಯ ಮುಂದಿನ ರಸ್ತೆ.

ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿದವು. ಅವುಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಎಂದರೆ ದಿನವೊಂದಕ್ಕೆ 460ಕ್ಕೂ ಹೆಚ್ಚು ಜೀವಗಳು. ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಸಮಾಜವು ಈ ಸಂಖ್ಯೆಯನ್ನು ವಿಧಿಯ ಆಟವೆಂದು ತಳ್ಳಿಹಾಕಬಹುದೇ?

ಉಡುಪಿ ಜಿಲ್ಲೆಯ ಮಟ್ಟು ಎಂಬ ಊರನ್ನು ನಿದರ್ಶನವಾಗಿ ನೋಡೋಣ. ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಹೊಳೆ; ನಡುವಿನ ಮರಳುಮಿಶ್ರಿತ ನೆಲದಲ್ಲಿ ಮಟ್ಟುಗುಳ್ಳದ ಗದ್ದೆಗಳು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಬದನೆಯಿಂದ ಊರಿನ ಹೆಸರು ದೂರದವರೆಗೂ ಹಬ್ಬಿದೆ. ಕಡಲ ತಡಿಯ ರಸ್ತೆಯ ಸೊಬಗನ್ನು ಕಾಣಲು ರಜಾದಿನಗಳಲ್ಲಿ ಹೊರಗಿನ ವಾಹನಗಳು ಬರುತ್ತವೆ. ಅದೇ ರಸ್ತೆಯಲ್ಲಿ ಕೃಷಿಕರು, ಮೀನುಗಾರರು, ಶಾಲೆಯ ಮಕ್ಕಳು ನಡೆಯುತ್ತಾರೆ. ಪೂರ್ವಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಎದುರಾಗುತ್ತದೆ. ಹೆದ್ದಾರಿಯು ಚತುಷ್ಪಥವಾದ ಮೇಲೆ ದೂರದ ಪ್ರಯಾಣಿಕನ ಸಮಯ ಉಳಿಯಿತು. ಆದರೆ ಅದನ್ನು ಅಡ್ಡಹಾಯಬೇಕಾದ ಕಾಲ್ನಡಿಗೆಯವನಿಗೆ ದಾಟುವ ದೂರವೂ ಬರುವ ವಾಹನದ ವೇಗವೂ ಹೆಚ್ಚಿದವು. ಇದು ಮಟ್ಟುವಿನ ಕಥೆ ಮಾತ್ರವಲ್ಲ. ಕಾಪು, ಪಡುಬಿದ್ರಿಗಳಲ್ಲಿ ಹೆದ್ದಾರಿಯ ಎರಡು ಬದಿಗಳಲ್ಲಿ ಬಾಳುವವರೆಲ್ಲರ ಕಥೆಯೂ ಇದೇ.

ಇಲ್ಲೊಂದು ನೈತಿಕ ಪ್ರಶ್ನೆ ಏಳುತ್ತದೆ. ಅಪಘಾತದಲ್ಲಿ ಕೊಲ್ಲುವ ಸಂಕಲ್ಪ ಯಾರಿಗೂ ಇರುವುದಿಲ್ಲ. ಸಂಕಲ್ಪವಿಲ್ಲದೆಡೆ ಹಿಂಸೆಯೆಲ್ಲಿ? ಗೃಹಸ್ಥನಿಗೆ ಸಂಚಾರ ಅನಿವಾರ್ಯ, ಆದುದರಿಂದ ಅದರಲ್ಲಿ ಒದಗುವ ಘಾತವು ಆರಂಭೀ ಹಿಂಸೆ ಮಾತ್ರವೆಂದು ಸಮಾಧಾನ ಹೇಳುವವರೂ ಇದ್ದಾರೆ. ನಮ್ಮ ಆಚಾರ್ಯರು ಈ ಸಮಾಧಾನಕ್ಕೆ ಎಡೆಗೊಟ್ಟಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಮುಂದಿಟ್ಟದ್ದು ದ್ವೇಷವನ್ನಲ್ಲ, ಪ್ರಮಾದವನ್ನು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ವಿಶದಪಡಿಸಿದ್ದಾರೆ. ಎಚ್ಚರದಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಪ್ರಾಣಹಾನಿಯಾದರೂ ಅವನು ಹಿಂಸಕನಲ್ಲ. ಪ್ರಮಾದಕ್ಕೆ ವಶನಾದವನು ಜೀವಿ ಸಾಯಲಿ ಬದುಕಲಿ, ಹಿಂಸಕನೇ ಎಂಬುದು ಅಲ್ಲಿನ ಅಭಿಪ್ರಾಯ. ಅನಿವಾರ್ಯವೆಂಬ ರಿಯಾಯಿತಿಯು ಎಚ್ಚರ ವಹಿಸಿದ ಮೇಲೆಯೂ ಉಳಿಯುವ ಹಾನಿಗೆ ಮಾತ್ರ ಸಲ್ಲುತ್ತದೆ. ವಹಿಸಬಹುದಾಗಿದ್ದ ಎಚ್ಚರವನ್ನು ಬಿಟ್ಟುದಕ್ಕೆ ಅದು ಸಲ್ಲದು.

ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಹಗಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ನಡೆಯುವ ವೇಗಕ್ಕೆ ಅಷ್ಟು ನೋಟ ಸಾಕು. ಇರುವೆ ಕಂಡರೆ ಕಾಲನ್ನು ತಡೆಯಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವಾದರೋ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನು ಕಂಡು, ಬ್ರೇಕ್ ತುಳಿದು, ವಾಹನ ನಿಲ್ಲುವಷ್ಟರಲ್ಲಿ ಒಣರಸ್ತೆಯಲ್ಲಿಯೂ 35ರಿಂದ 40 ಮೀಟರ್ ಕಳೆದಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದು ಇನ್ನೂ ಹೆಚ್ಚು. ಆದುದರಿಂದ ವಾಹನವೇರಿದ ಶ್ರಾವಕನ ಈರ್ಯಾಸಮಿತಿ ಇಷ್ಟೇ: ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲಷ್ಟೇ ವೇಗದಲ್ಲಿ ಹೋಗುವುದು. ಪಾದವಿಹಾರದಲ್ಲಿದ್ದ ಸಾಧು ಸಾಧ್ವಿಯರೇ ವಾಹನಗಳಿಗೆ ಸಿಲುಕಿ ದೇಹ ತೊರೆದ ಘಟನೆಗಳು ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ. ಇರುವೆಯನ್ನು ಉಳಿಸಲು ನೆಲ ನೋಡಿ ನಡೆಯುವವರನ್ನು ಉಳಿಸುವ ನೋಟ ನಮ್ಮಲ್ಲಿ ಇಲ್ಲವಾಯಿತೆಂದರೆ ಅದಕ್ಕಿಂತ ವಿಷಾದಕರವಾದುದು ಏನಿದೆ?

ಪ್ರಮಾದವು ಚಾಲಕನೊಬ್ಬನದೇ ಅಲ್ಲ. ಕರ್ಮಬಂಧಕ್ಕೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳನ್ನು ನಮ್ಮ ಶಾಸ್ತ್ರಗಳು ಹೇಳುತ್ತವೆ. ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು. ತಿರುವಿನಲ್ಲಿ ದೀಪವಿಲ್ಲವೆಂದು ತಿಳಿದೂ ಸುಮ್ಮನಿದ್ದವರು, ಶಾಲೆಯ ಮುಂದೆ ಕಾಲುದಾರಿ ಬೇಕೆಂದು ಅರಿತೂ ಹಣವನ್ನು ಬೇರೆಡೆಗೆ ಹರಿಸಿದವರು ಈ ಮೂರರಲ್ಲಿ ಎಲ್ಲಿ ನಿಲ್ಲುತ್ತಾರೆ? ಲೋಕದ ಕಾನೂನೂ ಈಗ ಇದೇ ದಿಕ್ಕಿಗೆ ತಿರುಗಿದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 198ಎ ವಿಧಿಯಂತೆ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳ ಮಾನದಂಡವನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಸ್ವೀಡನ್ ದೇಶದ ಸಂಸತ್ತು 1997ರಲ್ಲಿಯೇ ಒಂದು ನೀತಿಯನ್ನು ಅಂಗೀಕರಿಸಿತು. ಮನುಷ್ಯನು ತಪ್ಪುವುದು ಸಹಜ, ಆ ತಪ್ಪಿಗೆ ಮರಣವೇ ಬೆಲೆಯಾಗದಂತೆ ರಸ್ತೆಯನ್ನು ರೂಪಿಸುವುದು ರೂಪಿಸುವವರ ಕರ್ತವ್ಯ ಎಂಬುದು ಅದರ ತಿರುಳು. ಬೀಳುವವನನ್ನು ದೂಷಿಸುವ ಮೊದಲು ಬೀಳಿಸುವ ಹೊಂಡವನ್ನು ಮುಚ್ಚು ಎಂಬ ಈ ವಿವೇಕ ನಮಗೆ ಪರಕೀಯವಲ್ಲ.

ಈಗ ಹಣದ ಮಾತಿಗೆ ಬರೋಣ. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆಗಳೂ ಸೇರಿದವು. ಹದಿನೈದನೆಯ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಗೊತ್ತುಪಡಿಸಿದ ಅನುದಾನದಲ್ಲಿ ಶೇಕಡಾ 60 ಭಾಗವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇಕಡಾ 40 ಭಾಗವನ್ನು ಊರಿನ ಅಗತ್ಯವನ್ನು ನೋಡಿ ಬಳಸಬಹುದಾಗಿತ್ತು. ಯಾವುದು ಅಗತ್ಯವೆಂದು ಹೇಳುವ ಸ್ಥಳವೇ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಅಲ್ಲಿ ಖಾಲಿ ಬಿದ್ದ ನಮ್ಮ ಕುರ್ಚಿಯೂ ಒಂದು ಬಗೆಯ ಅನುಮೋದನೆಯೇ ಸರಿ.

ಆಕ್ಷೇಪಗಳು ಇಲ್ಲದಿಲ್ಲ. ಪಂಚಾಯತಿನ ಹಣ ಅಲ್ಪ, ಬಾವಿ ಬತ್ತಿದ ಊರಿನಲ್ಲಿ ದೀಪಕ್ಕಿಂತ ನೀರು ಮೊದಲಲ್ಲವೇ ಎಂದು ಕೇಳಬಹುದು. ಹೌದು, ನೀರು ಮೊದಲು. ಆದರೆ ಅನೇಕ ಕಡೆ ನಿಜವಾದ ಪೈಪೋಟಿ ನೀರಿಗೂ ದೀಪಕ್ಕೂ ಅಲ್ಲ. ದೀಪಕ್ಕೂ ಹೆಸರು ಕೆತ್ತಿದ ಸ್ವಾಗತಗೋಪುರಕ್ಕೂ. ಗೋಪುರಕ್ಕೆ ಉದ್ಘಾಟನೆಯುಂಟು, ಶಿಲಾಫಲಕವುಂಟು. ಬೆಳಗಿದ ತಿರುವಿನಲ್ಲಿ ಬದುಕಿ ಮನೆ ಸೇರಿದ ಬಾಲಕನಿಗೆ ತಾನು ಬದುಕಿದೆನೆಂದೇ ತಿಳಿಯದು. ಅಲ್ಲಿ ಕೃತಜ್ಞತೆ ಹೇಳುವವರಿಲ್ಲ. ಫಲಾಪೇಕ್ಷೆಯಿಲ್ಲದ ದಾನವೇ ಉತ್ತಮವೆಂದು ನಂಬಿದವರಿಗೆ ಈ ಕಾರ್ಯವು ನಿಜವಾದ ಪರೀಕ್ಷೆ.

ಎರಡನೆಯ ಆಕ್ಷೇಪ ಬಸದಿಗಳ ಆಡಳಿತ ಮಂಡಳಿಗಳದು. ಪೂಜೆಗೆಂದು ಅರ್ಪಿತವಾದ ದ್ರವ್ಯವನ್ನು ರಸ್ತೆಗೆ ವಿನಿಯೋಗಿಸಬಹುದೇ? ಕೂಡದು. ದಾನಿಯ ಸಂಕಲ್ಪವನ್ನು ಕೆಡಿಸುವುದು ಧರ್ಮವಲ್ಲ. ತೆರಿಗೆಯ ಹಣದಿಂದ ಸರಕಾರವು ಮಾಡಬೇಕಾದುದನ್ನು ದಾನದಿಂದ ಮಾಡಿ ಅದರ ಹೊಣೆಯನ್ನು ಇಳಿಸುವುದೂ ಉಚಿತವಲ್ಲ. ಕಾಲುದಾರಿ ಪ್ರಜೆಯ ಹಕ್ಕು, ಭಿಕ್ಷೆಯಲ್ಲ. ಆದರೆ ಮಂಡಳಿಗಳು ಮಾತ್ರವೇ ಕೊಡಬಹುದಾದುವು ಕೆಲವಿವೆ. ರಸ್ತೆಗೆ ಒತ್ತಿ ನಿಂತ ಪ್ರಾಕಾರದ ಗೋಡೆಯನ್ನು ಪುನಃ ಕಟ್ಟುವಾಗ ನಾಲ್ಕು ಅಡಿ ಹಿಂದಕ್ಕೆ ಸರಿಸಬಹುದು. ತಿರುವನ್ನು ಮರೆಮಾಡುವ ಫಲಕಗಳನ್ನು ತೆಗೆಯಬಹುದು. ಉತ್ಸವದಂದು ವಾಹನಗಳಿಗೆ ಒಳಗೆ ಸ್ಥಳ ಮಾಡಿ ನಡೆಯುವವರಿಗೆ ರಸ್ತೆಯ ಅಂಚನ್ನು ಬಿಟ್ಟುಕೊಡಬಹುದು. 1432ರಲ್ಲಿ ಸ್ಥಾಪಿತವಾದ ಕಾರ್ಕಳದ ಬಾಹುಬಲಿಗೆ 2015ರಲ್ಲಿ ಮಹಾಮಸ್ತಕಾಭಿಷೇಕ ನಡೆದಂತಹ ಮಹಾಸಂದರ್ಭಗಳಲ್ಲಿ ಸಾವಿರಾರು ಜನ ಸೇರುತ್ತಾರೆ. ಮುಂದೆ ಅಂತಹ ಉತ್ಸವಗಳಿಗೆ ಯೋಜನೆ ಹಾಕುವಾಗ ಅಭಿಷೇಕದ ಕಲಶಗಳಷ್ಟೇ ಶ್ರದ್ಧೆಯಿಂದ ಬರುವವರ ದಾರಿಯನ್ನೂ ಎಣಿಸಬೇಕು. ಇನ್ನೊಂದು ಸಂಗತಿಯೂ ಸ್ಮರಣೀಯ: ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯನ್ನು ಪೂಜಾಸ್ಥಳಗಳ ಒಳಗಿನ ಕಾಮಗಾರಿಗೆ ಬಳಸುವಂತಿಲ್ಲ. ಬಾಗಿಲ ಹೊರಗಿನ ಸಾರ್ವಜನಿಕ ದಾರಿಗೆ ಆ ನಿಷೇಧವಿಲ್ಲ. ಕೇಳುವುದಾದರೆ ಇದನ್ನು ಕೇಳೋಣ.

ನಮ್ಮ ಹಿರಿಯರು ದಾರಿಯನ್ನು ಧರ್ಮದ ಹೊರಗಿನ ವಿಷಯವೆಂದು ಬಗೆಯಲಿಲ್ಲ. ಸಾಲುಮರ, ಅರವಟ್ಟಿಗೆ, ಹೊರೆ ಇಳಿಸಲು ಕಲ್ಲು, ಕುಳಿತು ದಣಿವಾರಿಸಿಕೊಳ್ಳಲು ಕಟ್ಟೆ ಇವೆಲ್ಲ ಪುಣ್ಯಕಾರ್ಯಗಳೆನಿಸಿದ್ದುವು. ಆ ಕಾಲದ ದಾರಿಹೋಕನ ಭಯ ಬಿಸಿಲು, ಬಾಯಾರಿಕೆ. ಅದಕ್ಕೆ ತಕ್ಕಂತೆ ದಾನವಿತ್ತು. ಇಂದಿನವನ ಭಯ ವೇಗ, ಕತ್ತಲು. ಭಯ ಬದಲಾದಾಗ ಅಭಯದ ರೂಪವೂ ಬದಲಾಗಬೇಕು.

ಗಾಯಗೊಂಡು ಬಿದ್ದವನನ್ನು ಎತ್ತಲು ಪೋಲೀಸು, ಕೋರ್ಟಿಗೆ ಅಂಜಿ ಹಿಂಜರಿಯುತ್ತಿದ್ದ ಕಾಲವೂ ಕಳೆಯಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೆರವಾಗುವವರ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯು ಅದನ್ನು ಕಾಯಿದೆಯಲ್ಲಿಯೇ ಸೇರಿಸಿತು. ಕಣ್ಣೆದುರು ಬಿದ್ದವನನ್ನು ಬಿಟ್ಟು ಹೋಗಲು ಈಗ ನೆಪವಿಲ್ಲ.

ಪ್ರತಿಯೊಂದು ಮಂಡಳಿಯೂ ತನ್ನ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆಯನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಲಿ: ನಮ್ಮ ಬಸದಿಯ ಬಾಗಿಲಿನಿಂದ ಮುಖ್ಯರಸ್ತೆಯವರೆಗೆ ಒಬ್ಬ ವೃದ್ಧೆ, ಒಂದು ಮಗು ಸಂಜೆ ಮಬ್ಬಿನಲ್ಲಿ ನಿರ್ಭಯವಾಗಿ ನಡೆಯಬಹುದೇ? ಇಲ್ಲವೆಂಬ ಉತ್ತರ ಬಂದರೆ, ಎಲ್ಲೆಲ್ಲಿ ಇಲ್ಲವೆಂದು ಬರೆದು ಗ್ರಾಮಸಭೆಗೆ ಒಯ್ಯಲಿ. ಹೆದ್ದಾರಿಯ ವಿಷಯವಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಸಲ್ಲಿಸಲಿ. ಆ ಒಂದು ಹಾಳೆಯೂ ಅಭಯದಾನದ ಆರಂಭವೇ.